ಕಪ್ಪಿಟ್ಟ ಹಾಲಿನ ಪಾತ್ರೆ

ಮೇಲಿನ ಮನೆಯ ಗಡಿಯಾರ ರಿಪೇರಿಯವರ ಎರಡನೆಯ ಹೆಂಡತಿ ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿದಾಗ ಅವಳ ಕೈಯಲ್ಲಿ ಹಾಲು ಕಾಯಿಸುವ ಒಂದು ಅಲ್ಯೂಮಿನಿಯಂ ಪಾತ್ರೆಯಿತ್ತು. ಅದರ ಒಳಭಾಗ ಮಸಿ ಬಳಿದಂತೆ ಕಪ್ಪಗಾಗಿತ್ತು.

"ದೊಡ್ಡಮ್ಮಾ, ನಿನ್ನೆ ತೊಳೆದಿಟ್ಟಾಗ ಬೆಳ್ಳಗಿತ್ತು. ನಮ್ಮಮ್ಮ ಕೊಟ್ಟಿದ್ದು," ಎಂದು ಅದನ್ನು ನನ್ನ ಅತ್ತೆಯ ಮುಂದಿಟ್ಟಳು. "ನಾನು ಆ ಮನೇಲಿರೋದು ಅವಳಿಗೆ ಇಷ್ಟ ಇಲ್ಲ."

ಅವಳು ಎಂದರೆ ಗಡಿಯಾರದವರ ಮೊದಲ ಹೆಂಡತಿ. ಅವಳು ತೀರಿಕೊಂಡು ಎರಡು ವರ್ಷವಾಗಿತ್ತು.

ನಮ್ಮ ಕಟ್ಟಡದಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ, ಜನ ಮೊದಲು ಬರುವುದು ನನ್ನ ಅತ್ತೆಯ ಬಳಿಗೆ. ಸೊಸೆಯಾದ ನನಗೆ ಇದರಿಂದ ಸುಖವೇನೂ ಇಲ್ಲ. ಆ ಕಣ್ಣಿಗೆ ನನ್ನ ಒಲೆಯಡಿಯ ಜಿಡ್ಡೂ ತಪ್ಪಿಸಿಕೊಳ್ಳುವುದಿಲ್ಲ. ಆದರೂ ಅವರು ಹೊರಟರೆ ನಾನು ಹಿಂದೆ ಹೋಗದೆ ಇರಲಾರೆ.

ಎರಡನೆಯ ಹೆಂಡತಿ ಹೇಳಿದ್ದು ಇಷ್ಟು. ಕೆಲವು ವಾರಗಳಿಂದ ಬೆಳಿಗ್ಗೆ ಎದ್ದರೆ ಅಡುಗೆಮನೆ ತುಂಬ ವಿನೆಗರ್ ಮತ್ತು ನಿಂಬೆಯ ವಾಸನೆ. ನಲ್ಲಿ ಫಳಫಳ ಹೊಳೆಯುತ್ತಿರುತ್ತದೆ. ಕೈತೊಳೆಯುವಲ್ಲಿನ ಕನ್ನಡಿಯನ್ನು ಯಾರೋ ಹಳೆಯ ಪೇಪರಿನಿಂದ ಉಜ್ಜಿರುತ್ತಾರೆ. ಅವಳು ತನಗೆ ಬೇಕಾದಂತೆ ಜೋಡಿಸಿದ ಡಬ್ಬಿಗಳು ಹಳೆಯ ಜಾಗಕ್ಕೇ ಮರಳಿರುತ್ತವೆ. ಸತ್ತವಳು ಅಂಗಡಿಯ ಸೋಪಿನ ಪುಡಿ ಮುಟ್ಟಿದವಳಲ್ಲ. ನಿಂಬೆ, ವಿನೆಗರ್, ಅಡುಗೆ ಸೋಡಾ, ಹಳೆ ಪೇಪರು, ಇಷ್ಟರಲ್ಲೇ ಇಡೀ ಮನೆ ಬೆಳಗುತ್ತಿದ್ದಳು. ಅದು ಕಟ್ಟಡಕ್ಕೆಲ್ಲ ಗೊತ್ತಿತ್ತು.

ಗಂಡನನ್ನು ಕೇಳಿದರೆ ದೆವ್ವ ಗಿವ್ವ ಇಲ್ಲ ಎಂದಷ್ಟೇ ಹೇಳಿ ಅಂಗಡಿಗೆ ಹೋಗುತ್ತಿದ್ದರಂತೆ. ಹಾಗಾದರೆ ಅನುಮಾನಕ್ಕೆ ಉಳಿದವಳು ಮೊದಲ ಹೆಂಡತಿಯ ಮಗಳು. ಅವಳನ್ನು ಮರುದಿನವೇ ಹಾಸ್ಟೆಲ್ಲಿಗೆ ಬಿಡುವುದೆಂದು ತೀರ್ಮಾನವಾಗಿತ್ತು.

"ಹುಡುಗಿಯಾದರೆ ಅವಳು ಹೋಗ್ಲಿ, ದೆವ್ವ ಆದರೆ ನಾನೇ ಹೋಗ್ತೀನಿ. ಎದ್ದ ಕೂಡಲೇ ಯಾರೋ ನನ್ನನ್ನೇ ಒರೆಸಿ ಹಾಕ್ತಿದಾರೆ ಅನ್ಸುತ್ತೆ ದೊಡ್ಡಮ್ಮಾ," ಎಂದು ಅತ್ತುಬಿಟ್ಟಳು.

ನಾವು ಮೇಲೆ ಹೋದೆವು. ಕಿಟಕಿ ತೆರೆದಿದ್ದರೂ ಆ ಹುಳಿ ವಾಸನೆ ಹೋಗಿರಲಿಲ್ಲ. ಸತ್ತವಳು ನನ್ನ ಗೆಳತಿ. ಅವಳು ಪಕ್ಕದಲ್ಲೇ ಸೆರಗು ಸಿಕ್ಕಿಸಿ ನಿಂತಿದ್ದಾಳೆ ಎನ್ನಿಸಿ ನಾನು ತಿರುಗಿ ನೋಡಿದೆ. ಅತ್ತೆಗೆ ಅದೊಂದೂ ಇಲ್ಲ. ನಲ್ಲಿಯ ಮುಂದೆ ಬಗ್ಗಿ ನಿಂತರು. ತಿರುಪಿನ ಒಂದೊಂದು ಗೆರೆಯೂ ಹೊಳೆಯುತ್ತಿತ್ತು, ಆದರೆ ಕೆಳಗಿನ ಸಿಂಕು ಕೈಯಿಟ್ಟರೆ ಜಾರುವಷ್ಟು ಜಿಡ್ಡಾಗಿತ್ತು. ಕನ್ನಡಿಯ ಮೂಲೆಗಳು ಚೊಕ್ಕಟ, ನಟ್ಟನಡುವೆ ದೊಡ್ಡ ಕಲೆ. ಸಿಂಕಿನ ಹಿಂದಿನಿಂದ ಅತ್ತೆ ಒಂದು ಬೆಂಕಿಕಡ್ಡಿ ಹೆಕ್ಕಿದರು. ಅದರ ತುದಿಗೆ ಹತ್ತಿ ಸುತ್ತಿತ್ತು.

ಪಕ್ಕದ ಕೋಣೆಯ ಕಿಟಕಿಯ ಬಳಿ ಗಡಿಯಾರದವರ ಮೇಜು. ಭೂತಗನ್ನಡಿ, ಸಣ್ಣ ಬ್ರಷ್ಷುಗಳು, ಹತ್ತಿಯ ಉಂಡೆ, ಎಲ್ಲವೂ ಸಾಲಾಗಿದ್ದವು. ಹುಡುಗಿ ತನ್ನ ಟ್ರಂಕಿನ ಮೇಲೆ ಕುಳಿತಿದ್ದಳು.

ಅತ್ತೆ ಅವಳನ್ನು ಕರೆದು ಒಂದು ಅಲ್ಯೂಮಿನಿಯಂ ಮುಚ್ಚಳ ಕೊಟ್ಟು, ಇದನ್ನು ಸ್ವಲ್ಪ ಬೆಳಗಿಕೊಡು ಮರಿ ಎಂದರು. ಮುಂದೆ ಅಡುಗೆ ಸೋಡಾ ಇತ್ತು, ನಿಂಬೆ ಸಿಪ್ಪೆಯೂ ಇತ್ತು. ಹುಡುಗಿ ಸೋಡಾದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಸಿಪ್ಪೆ ಎತ್ತಿಕೊಂಡಳು. ಅತ್ತೆ ಅವಳ ತಲೆ ಸವರಿದರು.

ಸಂಜೆ ಅದೇ ಅಡುಗೆಮನೆಯಲ್ಲಿ ಎಲ್ಲರನ್ನೂ ಕೂರಿಸಿದರು.

"ಈ ಪಾತ್ರೆಗೆ ಮಾಟ ಮಾಡಿಲ್ಲ," ಎಂದು ಅತ್ತೆ ಶುರು ಮಾಡಿದರು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಬಿಸಿನೀರಿಗೆ ಸೋಡಾ ಕಲಸಿ ನೆನೆಯಲು ಬಿಟ್ಟರೆ ಅದು ಕಪ್ಪಾಗುತ್ತದೆ. ಸತ್ತವಳಿಗೆ ಅದು ಗೊತ್ತಿತ್ತು, ಅವಳಿಂದ ಕಲಿತ ಮಗಳಿಗೂ ಗೊತ್ತು. ಹೊಸಬಳು ತವರಿನ ಪಾತ್ರೆಯನ್ನು ತಾನೇ ಹಾಳು ಮಾಡಿಕೊಳ್ಳುವವಳಲ್ಲ. ಹಾಗಾದರೆ ಇದು, ಹೆಂಡತಿ ಬಿಳಿ ಪುಡಿ ಹಾಕಿ ಉಜ್ಜುವುದನ್ನು ದೂರದಿಂದ ನೋಡಿದ, ಯಾವುದಕ್ಕೆ ಹಾಕುತ್ತಾಳೆಂದು ಎಂದೂ ಕೇಳದವರ ಕೆಲಸ.

"ತಿರುಪಿನ ಸಂದು ಹೊಳೀತಿದೆ, ಸಿಂಕು ಕಣ್ಣಿಗೇ ಬಿದ್ದಿಲ್ಲ. ಕಡ್ಡಿಗೆ ಹತ್ತಿ ಸುತ್ತಿ ಚಕ್ರದ ಹಲ್ಲು ಒರೆಸೋ ಕೈ ಅದು. ಅಲ್ವೇನಪ್ಪಾ?"

ಗಡಿಯಾರದವರು ತಲೆ ತಗ್ಗಿಸಿದರು. ಮೊದಲ ಹೆಂಡತಿ ಎಷ್ಟು ಸಲ ಕರೆದರೂ ಒಂದು ದಿನವೂ ಕೈಜೋಡಿಸಿರಲಿಲ್ಲವಂತೆ. "ಆ ವಾಸನೆ ಇಲ್ದೆ ನಂಗೆ ಬೆಳಗಾಯ್ತು ಅಂತಾನೇ ಅನ್ನಿಸ್ತಿರ್ಲಿಲ್ಲ," ಎಂದರು. "ಇವಳು ಹೆದರಿದ ಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋ ಹಾಗೆ ಮಗಳನ್ನ ಹಾಸ್ಟೆಲ್ಲಿಗೆ ಅಟ್ಟೋವಾಗ್ಲೂ ಸುಮ್ನೆ ಕೂತ್ರಿ," ಎಂದೆ ನಾನು. ನನಗೆ ಸಿಟ್ಟು ತಡೆಯಲಾಗಲಿಲ್ಲ.

ಅತ್ತೆ ಹುಡುಗಿಯತ್ತ ತಿರುಗಿದರು. "ನಿಂಗೆ ಪಾತ್ರೆ ನೋಡಿದಾಗ್ಲೇ ಗೊತ್ತಾಗಿತ್ತು. ಯಾಕೆ ಹೇಳ್ಲಿಲ್ಲ ಮರಿ?"

"ಅಮ್ಮನ್ನ ನೆನೆಸ್ಕೊಳೋರು ನಾನೊಬ್ಳೇ ಅಂದ್ಕೊಂಡಿದ್ದೆ," ಎಂದಳು ಹುಡುಗಿ. "ಹೇಳ್ಬಿಟ್ರೆ ಅಪ್ಪ ನಿಲ್ಲಿಸ್ಬಿಡ್ತಾರೆ ಅಂತ ಸುಮ್ನಿದ್ದೆ. ಹಾಸ್ಟೆಲ್ಲಿಗೆ ಹೋದ್ರೂ ಪರವಾಗಿಲ್ಲ ಅನ್ನಿಸ್ತು."

ಗಡಿಯಾರದವರು ಮುಖ ಮುಚ್ಚಿಕೊಂಡರು. ಮೊದಲು ಎದ್ದವಳು ಎರಡನೆಯ ಹೆಂಡತಿ. ಪಾತ್ರೆಗೆ ನೀರು ತುಂಬಿ, ನಿಂಬೆ ಸಿಪ್ಪೆ ಹಾಕಿ ಕುದಿಯಲಿಟ್ಟು, ಗಂಡನನ್ನು ಒಲೆಯ ಮುಂದೆ ನಿಲ್ಲಿಸಿದಳು. ಬೆಳ್ಳಗಾಗುವವರೆಗೆ ಅಲ್ಲಿಂದ ಕದಲಬಾರದು ಎಂದಳು. ಆಮೇಲೆ ಟ್ರಂಕಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಕಪಾಟಿನಲ್ಲಿಟ್ಟು, ಹುಡುಗಿಯ ಕೈ ಹಿಡಿದು ಡಬ್ಬಿಗಳ ಮುಂದೆ ಕರೆತಂದಳು.

"ನಿಮ್ಮಮ್ಮ ಹೇಗೆ ಜೋಡಿಸ್ತಿದ್ರು? ನೀನೇ ತೋರಿಸು," ಎಂದಳು. "ನಂಗೊಂದು ಸಾಲು ಬಿಟ್ಟುಕೊಟ್ರೆ ಸಾಕು."

ಹುಡುಗಿ ಕೆಳಗಿನ ಸಾಲನ್ನು ತೆರವು ಮಾಡಿಕೊಟ್ಟಳು.