ಬೆಂಕಿಗೆ ಬಿದ್ದ ಕೋಟು

ಬಾಗಿಲು ತೆರೆದ ಇರ್ಮಾ ಇದ್ದಲ್ಲೇ ಕಲ್ಲಾದಳು.

ಎದುರಿಗೆ ಅವನು!

ತಲೆಗೆ ಮಾಸಿದ ಟೋಪಿ, ಭುಜದ ಮೇಲೆ ಹಗ್ಗದ ಸುರುಳಿ, ಬೆನ್ನ ಹಿಂದೆ ಸಾಮಾನು ಸಾಗಿಸುವ ಲಾರಿ. ಎಷ್ಟು ಎತ್ತರ ಬೆಳೆದರೇನು... ಆ ಬೂದುಬಣ್ಣದ ಕಣ್ಣುಗಳನ್ನು ಅವಳು ಮರೆಯುವುದುಂಟೇ?

"ಮಂಚ ಮೊದ್ಲು ಹೇರ್ಲಾ, ಬೀರು ಮೊದ್ಲಾ?" ಬಾಯಿಪಾಠ ಮಾಡಿಕೊಂಡು ಬಂದವನಂತೆ ಅಂದ ವಿಲ್ಫ್. ಆಮೇಲೆ ದನಿ ಇಳಿಯಿತು. "ಹೇಗಿದ್ದೀಯಾ ಇರ್ಮಾ?"

"ನಿಮ್ಮನ್ನ ಬಿಟ್ಟು ಕಂಪನೀಲಿ ಬೇರೆ ಯಾರೂ ಇರ್ಲಿಲ್ವಾ?"

ನಿಮ್ಮನ್ನ! ಆ ಒಂದು ಮಾತಿಗೇ ವಿಲ್ಫ್‌ನ ಮುಖ ಬಾಡಿತು. ಅವನು ಉತ್ತರ ಕೊಡುವ ಮೊದಲೇ ಬಾಗಿಲು ಧಡಾರನೆ ಮುಚ್ಚಿಕೊಂಡಿತು.

ಎದುರು ಮನೆಯ ಏಡಾ ಆಂಟಿ ತನ್ನ ಗಂಟುಮೂಟೆಗಳ ಮೇಲೆ ಕೂತೇ ಕೂಗಿದಳು: "ಏ ಹುಡುಗೀ! ಸಂಜೆಗೆ ನೀರು, ಗ್ಯಾಸು ಎಲ್ಲಾ ನಿಲ್ಲಿಸ್ತಾರೆ! ಕೋಪ ಆಮೇಲೆ ಮಾಡ್ಕೋ, ಸಾಮಾನು ಹೇರ್ಸು ಮೊದ್ಲು!"

ಹೌದು, ಇಂಗ್ಲಿಷರ ಬಂದರು ಪಟ್ಟಣ ಹಲ್‌ನ ಹಾಸರ್ ಬೀದಿಗೆ ಅದೇ ಕೊನೆಯ ವಾರ. ಮನೆಗಳನ್ನೆಲ್ಲ ಕೆಡವಲು ನಗರಸಭೆ ಗುರುತು ಹಾಕಿತ್ತು. ಊರಂಚಿನ ಎತ್ತರದ ಹೊಸ ಕಟ್ಟಡದಲ್ಲಿ ಇರ್ಮಾಗೂ ಅವಳ ತಂದೆಗೂ ಒಂದು ಮನೆ ಸಿಕ್ಕಿತ್ತು.

ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು ಇರ್ಮಾ.

'ಯಾಕೆ ಬಂದ? ಇಷ್ಟು ವರ್ಷ ಆದ್ಮೇಲೆ... ಯಾಕೆ ಇವನೇ?'

*

ಇರ್ಮಾ ಹುಟ್ಟುವ ಹೊತ್ತಿಗೆ ಯುದ್ಧ ಮುಗಿದಿತ್ತು. ಆದರೆ ಹಾಸರ್ ಬೀದಿಯಲ್ಲಿ ಅದು ಮುಗಿದೇ ಇರಲಿಲ್ಲ.

ಸಾಲುಮನೆಗಳ ನಡುವೆ ಬಾಂಬು ಬಿದ್ದ ಜಾಗ ಹಾಗೇ ಉಳಿದಿತ್ತು. ಎಲ್ಲಿಗೂ ಹೋಗದ ಅರ್ಧ ಮೆಟ್ಟಿಲು, ಮೇಲಿನ ಗೋಡೆಯಲ್ಲಿ ನೇತುಬಿದ್ದ ಒಲೆಗೂಡು, ಇಟ್ಟಿಗೆ ಸಂದಿಯಲ್ಲಿ ಗುಲಾಬಿ ಬಣ್ಣದ ಕಾಡುಹೂವು. ಬೀದಿಯ ಮಕ್ಕಳಿಗೆ ಅದೇ ರಾಜ್ಯ. ಅಲ್ಲಿ ಅವರದು ಒಂದೇ ಆಟ, ಯುದ್ಧ.

ಆ ಯುದ್ಧದಲ್ಲಿ ಸಾಯುವ ಸರದಿ ಮಾತ್ರ ಯಾವಾಗಲೂ ಇರ್ಮಾಳದ್ದೇ!

"ನೀನು ಜರ್ಮನ್. ಬೀಳು!" ಅನ್ನುತ್ತಿದ್ದರು. ಬೀಳುತ್ತಿದ್ದಳು. ಅವಳ ತಂದೆ ಕೊನ್ರಾಡ್ ವೋಗ್ಟ್ ಸೆರೆಸಿಕ್ಕ ಜರ್ಮನ್ ಸೈನಿಕ. ಊರಾಚೆಯ ಹೊಲದಲ್ಲಿ ಖೈದಿಯಾಗಿ ಬೀಟ್‌ಗೆಡ್ಡೆ ಕೀಳುತ್ತಿದ್ದವನು ಈ ಬೀದಿಯ ನೆಲ್‌ಳನ್ನು ಮದುವೆಯಾಗಿ ಇಲ್ಲೇ ಉಳಿದುಬಿಟ್ಟಿದ್ದ. ನೆಲ್‌ಳ ಸ್ವಂತ ಅಕ್ಕನೇ ಆ ಮದುವೆಗೆ ಬಂದಿರಲಿಲ್ಲ.

ಒಂದು ದಿನ ಹನ್ನೆರಡರ ಹುಡುಗನೊಬ್ಬ ಮುಂದೆ ಬಂದ.

"ಇವತ್ತು ಅವಳು ಸಾಯಲ್ಲ. ನಾನ್ ಸಾಯ್ತೀನಿ," ಅಂದವನೇ ಇಟ್ಟಿಗೆ ರಾಶಿಯ ಮೇಲೆ ದೊಪ್ಪನೆ ಬಿದ್ದ. ಮೊಣಕಾಲು ಒಡೆದು ರಕ್ತ ಬಂದರೂ ಏಳಲಿಲ್ಲ!

ಅವನೇ ವಿಲ್ಫ್. ಅವನ ತಂದೆ ಯುದ್ಧದಲ್ಲಿ ಹಡಗಿನ ಜೊತೆ ಮುಳುಗಿಹೋಗಿದ್ದ. "ಆ ಜರ್ಮನ್ ಮನೆ ಹೊಸಿಲು ತುಳಿದ್ರೆ ಕಾಲು ಮುರೀತೀನಿ," ಎಂದು ತಾಯಿ ಗದರಿದ್ದಳು. ಆದರೂ ಹಿತ್ತಲ ಓಣಿಯಿಂದ ಬರುತ್ತಿದ್ದ. ನೆಲ್ ಕೊಬ್ಬಿನಲ್ಲಿ ಹುರಿದುಕೊಟ್ಟ ಬ್ರೆಡ್ಡು ತಿಂದು, ಇರ್ಮಾಳನ್ನು ದೀಪದ ಕಂಬಕ್ಕೆ ಕಟ್ಟಿದ ಹಗ್ಗದಲ್ಲಿ ಗಿರಗಿರನೆ ತೂಗುತ್ತಿದ್ದ. ಎಂಟು ವರ್ಷದ ಹುಡುಗಿಗೆ ಜಗತ್ತಿನಲ್ಲಿ ಒಬ್ಬ ಗೆಳೆಯ ಸಿಕ್ಕಿದ್ದ.

ಆಮೇಲೆ ಆ ನವೆಂಬರ್ ಬಂತು...

ಹುಲ್ಲಿನ ಗೊಂಬೆ ಮಾಡಿ ಬೆಂಕಿಯಲ್ಲಿ ಸುಡುವ ಹಬ್ಬ. ಸಂಜೆ ಶಾಲೆಯಿಂದ ಬಂದ ಇರ್ಮಾ ಹಾಸಿಗೆ ನೋಡಿದಳು. ಪಪ್ಪಾನ ಕೋಟು ಇರಲಿಲ್ಲ! ಬೆನ್ನಿನ ಮೇಲೆ ಬೇರೆ ಬಣ್ಣದ ದುಂಡನೆಯ ತೇಪೆಯಿದ್ದ ಖೈದಿಯ ಕೋಟು ಅದು. ಚಳಿಗಾಲದಲ್ಲಿ ಕಂಬಳಿಯ ಮೇಲೆ ಅದನ್ನೂ ಹೊದ್ದು, ತಂಬಾಕಿನ ವಾಸನೆಯಲ್ಲಿ ಮುಖ ಹುದುಗಿಸಿದರೆ ಮಾತ್ರ ಅವಳಿಗೆ ನಿದ್ದೆ.

ಹೊರಗೆ ಕೇಕೆ ಕೇಳಿ ಓಡಿದಳು. ಕಟ್ಟಿಗೆ ರಾಶಿಯ ತುದಿಯಲ್ಲಿ ಗೊಂಬೆ. ಅದರ ಮೈಮೇಲೆ ಅದೇ ಕೋಟು!

"ಫ್ರಿಟ್ಜ್! ಫ್ರಿಟ್ಜ್! ಸುಡ್ರೋ ಫ್ರಿಟ್ಜ್‌ನ!"

ಜರ್ಮನರನ್ನು ಹಂಗಿಸಿ ಕರೆಯುವ ಹೆಸರದು. ಬೆಂಕಿ ತೋಳು ಹಿಡಿಯಿತು. ತೇಪೆ ಸುಟ್ಟಿತು. ಇರ್ಮಾಗೆ ಕಂಡದ್ದು ಗೊಂಬೆಯಲ್ಲ, ತನ್ನ ಪಪ್ಪಾ...

ಅವಳ ಮನೆಯೊಳಗೆ ಬರುತ್ತಿದ್ದವನು ಒಬ್ಬನೇ.

"ನೀನೇ ಅಲ್ವಾ ಕದ್ದಿದ್ದು?"

ವಿಲ್ಫ್ ಬಾಯಿ ತೆರೆದ... ಮುಚ್ಚಿಕೊಂಡ.

"ಕಳ್ಳ! ಇನ್ಯಾವತ್ತೂ ನನ್ನ ಮಾತಾಡಿಸ್ಬೇಡ!"

ಮನೆಯಲ್ಲಿ ಅವಳು ಯಾರಿಗೂ ಹೇಳಲಿಲ್ಲ. 'ನಿನ್ನ ಕೋಟಿಗೆ ಬೆಂಕಿಯಿಟ್ಟು ಕುಣಿದರು' ಎಂದು ಪಪ್ಪಾಗೆ ಹೇಗೆ ಹೇಳುವುದು? ಪಪ್ಪಾನೂ ಕೋಟಿನ ಸುದ್ದಿ ಎತ್ತಲಿಲ್ಲ.

ಕೆಲವೇ ದಿನಗಳಲ್ಲಿ ವಿಲ್ಫ್‌ನ ತಾಯಿ ಹೊಳೆಯಾಚೆ ಮನೆ ಹಿಡಿದಳು. ಇರ್ಮಾ ಬೀದಿಯ ಕೊನೆಯ ಗೋಡೆಗೆ ಚೆಂಡು ಎಸೆದು ತಾನೇ ಹಿಡಿಯುತ್ತ ಬೆಳೆದಳು. ಅಮ್ಮ ತೀರಿಕೊಂಡ ಮೇಲಂತೂ ಮನೆಯಲ್ಲೂ ಮಾತು ಕಡಿಮೆಯಾಯಿತು. ಈಗ ಮೀನಿನ ಕಾರ್ಖಾನೆಯಲ್ಲಿ ಕೆಲಸ. ಊಟದ ಹೊತ್ತಿಗೆ ಯಾರಾದರೂ ಪಕ್ಕ ಬಂದು ಕೂತರೆ, ಅವರು ಎದ್ದುಹೋಗುವ ಮೊದಲೇ ತಾನು ಏಳಬೇಕೆಂದು ಎದ್ದುಬಿಡುತ್ತಿದ್ದಳು.

*

"ಯಾರಮ್ಮಾ ಅದು?" ಕೊನ್ರಾಡ್ ಕೋಲೂರಿಕೊಂಡು ಬಂದು ತಾನೇ ಬಾಗಿಲು ತೆರೆದ. "ಅರೇ, ವಿಲ್ಫ್! ಇವನನ್ನ ಹೊರಗೆ ನಿಲ್ಸಿದ್ದೀಯಾ? ಬಾರೋ ಹುಡುಗಾ, ಎಷ್ಟು ಬೆಳೆದ್ಬಿಟ್ಟೆ!"

ಇರ್ಮಾ ತುಟಿ ಕಚ್ಚಿದಳು. ಪಪ್ಪಾಗೇನು ಗೊತ್ತು ಪಾಪ...

ಸಾಮಾನು ಹೇರಿದ್ದಾಯಿತು. ಲಾರಿಯ ಮುಂದಿನ ಸೀಟಿನಲ್ಲಿ ಮೂವರೂ ಕೂತರು, ನಡುವೆ ಕೊನ್ರಾಡ್. ಬಾಂಬು ಬಿದ್ದ ಜಾಗದಲ್ಲಿ ಈಗಿನ ಮಕ್ಕಳು ಕೆಡವಿದ ಮನೆಗಳ ಬಾಗಿಲುಗಳನ್ನು ಎಳೆತಂದು ಒಟ್ಟುತ್ತಿದ್ದರು. ಹಬ್ಬ ಹತ್ತಿರ ಬಂದಿತ್ತು.

ಕೊನ್ರಾಡ್ ನಕ್ಕ. "ನನ್ನ ಕೋಟು ಎಷ್ಟು ಚೆನ್ನಾಗಿ ಉರೀತು ಅಲ್ವೇನೋ ವಿಲ್ಫ್?"

ಇರ್ಮಾ ಥಟ್ಟನೆ ತಂದೆಯ ಕಡೆ ತಿರುಗಿದಳು.

"ಸುಮ್ನಿರಿ ಮಿಸ್ಟರ್ ವೋಗ್ಟ್," ವಿಲ್ಫ್ ಗಡಿಬಿಡಿಯಿಂದ ಅಂದ.

"ಯಾಕೆ ಸುಮ್ನಿರ್ಲಿ? ಇವಳೇನು ಈಗ ಚಿಕ್ಕ ಮಗೂನಾ?" ಕೊನ್ರಾಡ್ ಮಗಳ ಕಡೆ ತಿರುಗಿದ. "ಅವತ್ತು ನಮ್ಮ ಬಾಗಿಲು ತಟ್ಟಿದ್ರು ಕಣಮ್ಮ, ಈ ಬೀದಿ ಮಕ್ಕಳು! ಅಲ್ಲೀವರೆಗೆ ಒಂದು ಮಗೂನೂ ತಟ್ಟಿರ್ಲಿಲ್ಲ. 'ಗೊಂಬೆಗೆ ಹಳೇ ಬಟ್ಟೆ ಇದ್ಯಾ ಮಿಸ್ಟರ್?' ಅಂದ್ರು. ಮಿಸ್ಟರ್ ಅಂದ್ರು ನಂಗೆ! ಕೊಡೋಕೆ ನನ್ನ ಹತ್ರ ಇನ್ನೇನಿತ್ತು? ಕೊಟ್ಬಿಟ್ಟೆ."

"ನೀನೇ... ಕೊಟ್ಯಾ?" ಇರ್ಮಾ ತಂದೆಯ ತೋಳು ಹಿಡಿದಳು. "ಅವ್ರು ಅದಕ್ಕೆ ಫ್ರಿಟ್ಜ್ ಅಂತ ಕೂಗಿದ್ರು ಪಪ್ಪಾ!"

"ಗೊತ್ತು. ಕಿಟಕಿ ಹತ್ರಾನೇ ನಿಂತಿದ್ದೆ." ಮುದುಕ ಕೋಲಿನ ಹಿಡಿ ಸವರಿದ. "ಕೂಗ್ಲಿ ಬಿಡು. ಆ ಖೈದಿ ಸುಟ್ಟುಹೋಗ್ಲಿ ಅಂತ ನಂಗೂ ಇತ್ತು. ನಿಂಗೆ ಮಾತ್ರ ಆ ಕೋಟು ಅಂದ್ರೆ ಪ್ರಾಣ. ನಾನು ಕೊಟ್ಟೆ ಅಂತ ಹೇಳ್ಬೇಡಪ್ಪಾ, ಅಳ್ತಾಳೆ ಅಂದೆ, ಅವ್ರ ಜೊತೆ ಬಂದಿದ್ದ ಇವನಿಗೆ. ಹೇಳಲ್ಲ ಅಂತ ಮಾತು ಕೊಟ್ಟ. ಆಮೇಲೆ ಯಾಕೋ ನಮ್ಮನೆಗೇ ಬರ್ಲಿಲ್ಲ."

ತಂದೆಯ ಟೋಪಿಯ ಮೇಲಿಂದ ಇರ್ಮಾ ವಿಲ್ಫ್‌ನನ್ನು ನೋಡಿದಳು. ಅವನು ರಸ್ತೆಯಿಂದ ಕಣ್ಣು ಕೀಳಲಿಲ್ಲ. ಕಿವಿಗಳು ಮಾತ್ರ ಕೆಂಪಗಾಗಿದ್ದವು.

'ಅಯ್ಯೋ... ನಾನು ಕಳ್ಳ ಅಂದೆ. ಎಲ್ಲರ ಎದುರಿಗೆ... ಇವನು ನುಂಗಿಕೊಂಡ!'

*

ಹೊಸ ಮನೆ ಆರನೇ ಮಹಡಿಯಲ್ಲಿತ್ತು. ಬಣ್ಣದ ವಾಸನೆ, ಬರಿಗೋಡೆ. ಕೆಳಗಿನ ಯಾವ ಸದ್ದೂ ಅಲ್ಲಿಗೆ ಬರುತ್ತಿರಲಿಲ್ಲ, ಬರೀ ಗಾಳಿ. ಕೊನ್ರಾಡ್ ತನ್ನ ಕುರ್ಚಿಯಲ್ಲಿ ಕೂತವನು ಹಾಗೇ ನಿದ್ದೆಹೋಗಿದ್ದ.

ವಿಲ್ಫ್ ಕೆಳಗಿನ ಅಂಗಡಿಯಿಂದ ಕರಿದ ಮೀನು, ಆಲೂ ಕಟ್ಟಿಸಿ ತಂದ. ಅಡುಗೆಮನೆಯ ನೆಲದ ಮೇಲೆ ಪೇಪರ್ ಬಿಡಿಸಿ ಇಬ್ಬರೂ ಎದುರುಬದುರು ಕೂತರು. ಯಾರೂ ತಿನ್ನಲಿಲ್ಲ.

"ಯಾಕೆ ಹೇಳ್ಲಿಲ್ಲ ನೀನು?"

"ಮಾತು ಕೊಟ್ಟಿದ್ದೆ."

"ಇವತ್ತು ಪಪ್ಪಾ ಬಾಯಿ ಬಿಡದೇ ಹೋಗಿದ್ರೆ?"

"ಆಗ್ಲೂ ಹೇಳ್ತಿರ್ಲಿಲ್ಲ."

"ಹುಚ್ಚ! ನಾನು ಸಾಯೋವರೆಗೂ ನಿನ್ನ ಕಳ್ಳ ಅಂತಾನೇ ಅಂದ್ಕೊಂಡಿರ್ತಿದ್ದೆ!"

ವಿಲ್ಫ್ ತಲೆತಗ್ಗಿಸಿದ. "ನಿಮ್ಮನೆ ಸಾಮಾನು ಸಾಗಿಸೋಕೆ ಬೇರೆ ಡ್ರೈವರ್ ಇದ್ದ. ನಾನೇ ಕೇಳ್ಕೊಂಡು ಬಂದೆ. ಕಳ್ಳ ಅಂದ್ಕೊಂಡೇ ಇರ್ಲಿ... ಆದ್ರೂ ನನ್ನ ಇಷ್ಟಪಡೋ ಹಾಗೆ ಏನಾದ್ರೂ ಮಾಡ್ಬೇಕು ಅಂತಿತ್ತು. ಮಾರ್ಕೆಟ್ಟಲ್ಲಿ ನಿನ್ನ ನೋಡಿದ್ದೀನಿ. ಒಬ್ಬಳೇ ಹೋಗ್ತಿದ್ದೆ. ಕೂಗೋಕೆ ಧೈರ್ಯ ಬರ್ಲಿಲ್ಲ."

"ಕೂಗ್ಬೇಕಿತ್ತು!" ಅಷ್ಟು ವರ್ಷ ತಡೆದಿಟ್ಟಿದ್ದ ಅಳು ಒಡೆದುಬಂತು. "ಒಂಟಿಯಾಗಿ ಇದ್ದು ಇದ್ದು ಸಾಕಾಗಿದೆ ವಿಲ್ಫ್... ನಂಗೆ ಜನರ ಜೊತೆ ಕೂರೋದೂ ಮರ್ತುಹೋಗಿದೆ."

ಅವನು ಎದ್ದು ಬಂದು ಪಕ್ಕದಲ್ಲಿ ಕೂತ. ಇರ್ಮಾ ಏಳಲಿಲ್ಲ. ಮೆಲ್ಲಗೆ ಅವನ ಭುಜಕ್ಕೆ ತಲೆಯಿಟ್ಟಳು.

"ತಪ್ಪಾಯ್ತು ಕಣೋ."

"ಏನೂ ಆಗಿಲ್ಲ." ಅವನು ಅವಳ ಕಣ್ಣೊರೆಸಿದ. "ಭಾನುವಾರ ನಮ್ಮನೆಗೆ ಊಟಕ್ಕೆ ಬರ್ತೀಯಾ?"

ಇರ್ಮಾ ಬೆಚ್ಚಿದಳು. "ನಿಮ್ಮಮ್ಮ...?"

"ಹೇಳಿದ್ದೀನಿ, ಮದುವೆ ಅಂತಾದ್ರೆ ಇರ್ಮಾನೇ ಅಂತ. ಎರಡು ದಿನದಿಂದ ನನ್ನ ಜೊತೆ ಮಾತಿಲ್ಲ."

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

"ಅವ್ರು ಬಾಗಿಲೇ ತೆಗೀದಿದ್ರೆ?"

"ಹೊರಗೆ ಮೆಟ್ಟಿಲ ಮೇಲೆ ಕೂತು ತಿನ್ನೋಣ. ಇಬ್ರೂ."

"ಮಳೆ ಬಂದ್ರೆ?"

"ನೆನೆಯೋಣ."