ಕೂಗದೆ ಹೊಡೆದ ಗುಂಡು

೨೦೦೮ರ ಏಪ್ರಿಲ್ ೧೨, ಶನಿವಾರ. ಬೆಳಿಗ್ಗೆ ಒಂಬತ್ತೂವರೆಗೆ ಚಾಂದ್ ಬಿ ಗುಂಡ್ಲುಪೇಟೆ ಠಾಣೆಯ ಮೆಟ್ಟಿಲು ಹತ್ತಿದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ವಿಧಾನಸಭೆ ಚುನಾವಣೆ ಘೋಷಣೆಯಾಗಿತ್ತು. ಲೈಸೆನ್ಸು ಇದ್ದವರೆಲ್ಲ ಅಂದು ಸಂಜೆಯೊಳಗೆ ಬಂದೂಕು ತಂದು ಠಾಣೆಯಲ್ಲಿಡಬೇಕೆಂದು ಹಳ್ಳಿಹಳ್ಳಿಯಲ್ಲೂ ಡಂಗುರ ಹೊಡೆಸಿದ್ದರು. ಕಾಡುಹಂದಿಯಿಂದ ಬೆಳೆ ಕಾಯುವ ರೈತರು ಗೋಣಿಚೀಲ ಸುತ್ತಿದ ನಾಡಬಂದೂಕುಗಳನ್ನು ಹೆಗಲಿಗೇರಿಸಿಕೊಂಡು ಜಗುಲಿಯವರೆಗೂ ಸಾಲು ನಿಂತಿದ್ದರು. ಹೆಡ್ ಕಾನ್‌ಸ್ಟೇಬಲ್ ಶಾಂತಮಲ್ಲಪ್ಪ ಒಂದೊಂದಕ್ಕೂ ಹೆಸರು ಬರೆದ ಚೀಟಿ ಕಟ್ಟಿ, ಮೂಲೆಗೆ ಸೌದೆಯಂತೆ ಒರಗಿಸುತ್ತಿದ್ದರು.

ಸಬ್ ಇನ್‌ಸ್ಪೆಕ್ಟರ್ ಹಿದಾಯತ್ ಉಲ್ಲಾ ಆಕೆಯನ್ನು ಒಳಕೋಣೆಗೆ ಕರೆದು ಕೂರಿಸಿದರು. ಆಕೆ ಉರ್ದುವಿನಲ್ಲಿ ಹೇಳಿದ್ದನ್ನು ತಾವೇ ಕನ್ನಡದಲ್ಲಿ ಬರೆದುಕೊಂಡರು. ಮಗ ಜಾಕಿರ್ ಲಾರಿ ಚಾಲಕ. ತರಕಾರಿ ತುಂಬಿಕೊಂಡು ಕೇರಳಕ್ಕೆ ಘಾಟಿ ಇಳಿಯುವುದೇ ಅವನ ಕಸುಬು. ಬೆಳಗಿನ ಜಾವ ಟೊಮೇಟೊ ಲೋಡು ಮಾಡಬೇಕೆಂದು ಶುಕ್ರವಾರ ಸಂಜೆಯೇ ಹೋಗಿ, ಮಲ್ಲನಹುಂಡಿಯ ಬಳಿ ಲಾರಿ ನಿಲ್ಲಿಸಿದ್ದ. ಬಹಿರ್ದೆಸೆಗೆಂದು ಬೇಲಿ ಮರೆಗೆ ಹೋಗಿ ಕೂತವನ ಬಲಗಾಲಿಗೆ ಗುಂಡು ಬಿದ್ದಿದೆ. ಯಾರು ಹೊಡೆದರೋ ಗೊತ್ತಿಲ್ಲ. ಈಗ ಮೈಸೂರಿನ ಆಸ್ಪತ್ರೆಯಲ್ಲಿದ್ದಾನೆ. ಕಾಲು ತೆಗೆಯಬೇಕಾದೀತೆಂದು ಡಾಕ್ಟರು ಹೇಳಿದ್ದಾರೆ. ಅವನಿಗೆ ಬೇರೆ ಕೆಲಸ ಬರುವುದಿಲ್ಲ ಸಾಹೇಬ್, ಎಂದು ಆಕೆ ಎರಡು ಸಲ ಹೇಳಿದರು.

ಅಪರಿಚಿತನ ಮೇಲೆ, ನಿರ್ಲಕ್ಷ್ಯದಿಂದ ತೀವ್ರ ಗಾಯಪಡಿಸಿದ್ದಕ್ಕೆ ಐಪಿಸಿ ೩೩೮ ಹಾಗೂ ಶಸ್ತ್ರಾಸ್ತ್ರ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಎರಡಕ್ಕೆ ಮಲ್ಲನಹುಂಡಿ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಸಣ್ಣ ಊರು. ಹೊಲ ದಾಟಿದರೆ ಕಾಡು. ರಸ್ತೆಗೂ ಹೊಲಕ್ಕೂ ನಡುವೆ ಆಳೆತ್ತರದ ಕತ್ತಾಳೆ ಬೇಲಿ, ಅದರ ಬುಡದಲ್ಲಿ ಒಣಗಿದ ರಕ್ತ, ಒಂದು ಹವಾಯಿ ಚಪ್ಪಲಿ, ಬೋರಲು ಬಿದ್ದ ಚೆಂಬು. ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ ಬರೆಸಿದರು. ಊರಿಗೆ ಊರೇ ಕಾಡಿನ ಕಡೆ ಕೈ ತೋರಿಸಿತು. ಜಿಂಕೆ ಹೊಡೆಯುವ ಕಳ್ಳರು ಸಾರ್, ಇನ್ಯಾರು? ಕೇಳದೆಯೇ ಹತ್ತು ಜನ ಉತ್ತರ ಕೊಟ್ಟರೆ ಹಿದಾಯತ್ ಉಲ್ಲಾರಿಗೆ ಮೈ ಉರಿಯುತ್ತಿತ್ತು. ಆದರೆ ಅಂದು ಅವರ ಕೈಯಲ್ಲಿ ಬೇರೆ ಸುಳಿವೂ ಇರಲಿಲ್ಲ.

ಠಾಣೆಗೆ ಮರಳಿ ಆ ಊರಿನ ಬಂದೂಕುಗಳನ್ನು ಎಳೆಸಿದರು. ಮೂರಿದ್ದವು. ನಳಿಗೆಗೆ ಮೂಗಿಟ್ಟರು. ಮೂರರಲ್ಲೂ ಮದ್ದಿನ ಹಸಿ ವಾಸನೆ.

"ಮೂರೂ ನಿನ್ನೆ ಹೊಡೆದಿವೆಯಲ್ರೀ!"

ಶಾಂತಮಲ್ಲಪ್ಪ ನಕ್ಕರು. ಮೂರಲ್ಲ ಸಾರ್, ತಾಲ್ಲೂಕಿನದೆಲ್ಲ ಹೊಡೆದಿರುತ್ತೆ, ಎಂದರು. ನಾಡಬಂದೂಕಿಗೆ ನಳಿಗೆಯ ಬಾಯಿಂದ ಮದ್ದು, ಸೀಸದ ಚರೆ ಹಾಕಿ, ತೆಂಗಿನ ನಾರು ತುರುಕಿ ಕಬ್ಬಿಣದ ಗಜದಿಂದ ಜಡಿದರೆ ಮುಗಿಯಿತು, ಅದನ್ನು ಹೊರಗೆ ತೆಗೆಯುವ ತಾಪತ್ರಯ ಯಾರಿಗೂ ಬೇಡ. ಕಿಡಿ ಹೊತ್ತಿಸುವ ಕೇಪು ಕಿತ್ತಿಟ್ಟು, ತುಂಬಿದ ಬಂದೂಕನ್ನೇ ತಿಂಗಳುಗಟ್ಟಲೆ ಗೋಡೆಗೆ ನೇತುಹಾಕಿರುತ್ತಾರೆ. ಚುನಾವಣೆ ಬಂತೋ, ಹಿಂದಿನ ಸಂಜೆ ಹಾರಿಸಿ ಖಾಲಿ ಮಾಡಿ ಠಾಣೆಗೆ ತರುತ್ತಾರೆ.

"ಎಲ್ಲಿಗೆ ಹಾರಿಸ್ತಾರೆ?"

ಶಾಂತಮಲ್ಲಪ್ಪನವರ ನಗು ಮಾಯವಾಯಿತು. "ಬೇಲಿಗೆ, ಸಾರ್."

ಭಾನುವಾರ ಪುಟ್ಟಮಲ್ಲಪ್ಪನೆಂಬ ಹಳೇ ಬೇಟೆ ಕೇಸಿನ ಆಸಾಮಿಯನ್ನು ಮಲ್ಲನಹುಂಡಿಯವರೇ ಹಿಡಿದು ತಂದು ಒಪ್ಪಿಸಿದರು. ಊರ ನಾಯಿ ಸತ್ತರೂ ಅವನ ಮೇಲೆಯೇ ಹೊರಿಸುತ್ತಿದ್ದರು. ಶುಕ್ರವಾರ ಎಲ್ಲಿದ್ದೆ ಎಂದರೆ ಬದನಗುಪ್ಪೆಯಲ್ಲಿ ಕಟ್ಟಡದ ಕೂಲಿಯಲ್ಲಿದ್ದೆ ಎಂದ. ಮೇಸ್ತ್ರಿಯನ್ನು ವಿಚಾರಿಸಿದರು, ನಿಜವಿತ್ತು. ಮೇಲಿನವರಿಗೆ ಬೇಗ ಒಂದು ಹೆಸರು ಬೇಕಾಗಿತ್ತು. ಆದರೂ ಹಿದಾಯತ್ ಉಲ್ಲಾ ಅವನಿಗೆ ಟೀ ಕುಡಿಸಿ ಮನೆಗೆ ಕಳಿಸಿದರು.

ಸೋಮವಾರ ಮೈಸೂರಿನ ಆಸ್ಪತ್ರೆ. ಜಾಕಿರ್‌ನ ಕಾಲು ಇನ್ನೂ ಇತ್ತು. ಮಂಚದ ಪಕ್ಕದಲ್ಲಿ ಹಣೆಗೆ ವಿಭೂತಿ ಹಚ್ಚಿದ ಐವತ್ತು ದಾಟಿದ ಹೆಂಗಸೊಬ್ಬರು ಟಿಫನ್ ಡಬ್ಬಿಯಿಂದ ರಾಗಿ ಗಂಜಿ ಬಗ್ಗಿಸುತ್ತಿದ್ದರು. ಪೊಲೀಸರನ್ನು ಕಂಡು ಸೆರಗು ಹೊದ್ದು ಹೊರಗೆ ಹೋದರು. ಅವರು ಮಲ್ಲನಹುಂಡಿಯ ಜಮೀನುದಾರ ಶಿವರುದ್ರಸ್ವಾಮಿಯವರ ಹೆಂಡತಿ ದೊಡ್ಡಮಲ್ಲಮ್ಮ ಎಂದು ಚಾಂದ್ ಬಿ ಹೇಳಿದರು. ಜಾಕಿರ್ ತುಂಬಬೇಕಿದ್ದ ಟೊಮೇಟೊ ಅವರದೇ. ಅಂದು ಚೀರಾಟ ಕೇಳಿ ಮೊದಲು ಓಡಿಬಂದು, ಸೆರಗು ಹರಿದು ತೊಡೆಗೆ ಬಿಗಿದು ಕಟ್ಟಿದ್ದೂ ಅವರೇ. ಆ ಕಟ್ಟು ಇಲ್ಲದಿದ್ದರೆ ಜೀವವೇ ಹೋಗುತ್ತಿತ್ತೆಂದು ಡಾಕ್ಟರು ಹೇಳಿದ್ದರಂತೆ. ಅಲ್ಲಾ ಅವರನ್ನು ಚೆನ್ನಾಗಿಟ್ಟಿರಲಿ, ಎಂದು ಚಾಂದ್ ಬಿ ಕಣ್ಣೊರೆಸಿಕೊಂಡರು.

ಹಿದಾಯತ್ ಉಲ್ಲಾ ಜಾಕಿರ್‌ನ ಕಡೆ ತಿರುಗಿದರು. "ಎಷ್ಟೊತ್ತಾಗಿತ್ತು?"

"ಆರೂವರೆ ಇರ್ಬೋದು ಸಾರ್. ಇನ್ನೂ ಬೆಳಕಿತ್ತು."

"ಯಾರಾದ್ರೂ ಕಂಡ್ರಾ?"

"ಇಲ್ಲ. ಒಂದು ಕೂಗೂ ಕೇಳ್ನಿಲ್ಲ. ಆ ಊರಲ್ಲಿ ಬಂದೂಕ ಹಾರಿಸೋ ಮುಂಚೆ 'ಯಾರ್ಲಾ ಅಲ್ಲಿ' ಅಂತ ಮೂರು ಸಲ ಕೂಗೇ ಕೂಗ್ತಾರೆ. ಕೂಗಿದ್ರೆ ನಾನು ಓ ಅಂತಿದ್ದೆ."

ಮಂಗಳವಾರ ಬೆಳಿಗ್ಗೆ ಅವರು ಮತ್ತೆ ಕತ್ತಾಳೆ ಬೇಲಿಯ ಮುಂದೆ ನಿಂತರು. ಈ ಸಲ ಕಾಡಿನ ಕಡೆಗೆ ತಿರುಗಿಯೂ ನೋಡಲಿಲ್ಲ. ಕತ್ತಾಳೆಯ ದಪ್ಪ ಎಲೆಗಳಲ್ಲಿ ಏಳೆಂಟು ತೂತುಗಳಿದ್ದವು. ಹೊಲದ ಕಡೆ ಗುಂಡುಸೂಜಿಯ ತಲೆಯಷ್ಟು ಚೊಕ್ಕ ತೂತು, ರಸ್ತೆಯ ಕಡೆ ಸಿಗುರು ಎದ್ದ ಹರಕು. ಚರೆ ಹೊಲದಿಂದ ರಸ್ತೆಗೆ ಬಂದಿತ್ತು. ತೂತಿನ ನೇರಕ್ಕೆ ಹಿಂದೆ ನಡೆದರೆ ಶಿವರುದ್ರಸ್ವಾಮಿಯವರ ಕಣ. ಅಲ್ಲಿ ಹುಣಸೆಮರದ ಹತ್ತಿರ ಶಾಂತಮಲ್ಲಪ್ಪ ಬಗ್ಗಿ, ಸುಟ್ಟು ಕಪ್ಪಾದ ನಾರಿನ ಉಂಡೆಯೊಂದನ್ನು ಹೆಕ್ಕಿದರು. ಗುಂಡಿನ ಜೊತೆ ಹೊರಬೀಳುವ ನಾರು ದೂರ ಹಾರುವುದಿಲ್ಲ. ಹೊಡೆದವರು ಈ ಮರದಡಿಯೇ ನಿಂತಿದ್ದರು. ಎರಡನೆಯ ಪಂಚನಾಮೆಯಾಯಿತು.

ಶಿವರುದ್ರಸ್ವಾಮಿ ಜಗುಲಿಯಲ್ಲಿ ಕೂತಿದ್ದರು. ನಾರಿನುಂಡೆ ಕಂಡೊಡನೆ ಎದ್ದು ನಿಂತು, ಎರಡೂ ಕೈ ಮುಂದೆ ಚಾಚಿದರು.

"ನಾನೇ ಒಡೆದಿದ್ದು ಸಾ. ಕರ್ಕೊಂಡೋಗಿ."

"ಯಾವಾಗ?"

"ಸುಕ್ರವಾರ ಸಂಜೆ, ಒತ್ತು ಮುಳುಗೋವಾಗ."

ಹಿದಾಯತ್ ಉಲ್ಲಾರಿಗೆ ಆ ಸಂಜೆ ನೆನಪಿತ್ತು. ಶುಕ್ರವಾರ ಸಂಜೆ ಆರು ದಾಟಿದ ಮೇಲೆ ಈ ಮನುಷ್ಯ ಠಾಣೆಯಲ್ಲಿ ತಮ್ಮ ಮೇಜಿನ ಮುಂದೆಯೇ ನಿಂತು, ಟೊಮೇಟೊ ಕೊಯ್ಲಿದೆ, ಬಂದೂಕು ತರಲು ಸೋಮವಾರದವರೆಗೆ ಟೈಮು ಕೊಡಿ ಎಂದು ಗೋಗರೆದಿದ್ದರು. ನಾಳೆಯೇ ತರಬೇಕು, ಖಾಲಿ ಮಾಡಿ ತರಬೇಕು ಎಂದು ಗದರಿಸಿ ಕಳಿಸಿದವರು ತಾವೇ. ಸ್ವಾಮಿ ಕೂಡಲೇ ಠಾಣೆ ಎದುರಿನ ಸೆಟ್ಟಿ ಅಂಗಡಿಯಿಂದ ಮನೆಗೆ ಫೋನ್ ಮಾಡಿ ಅದನ್ನೇ ಹೇಳಿ, ಕಡೇ ಬಸ್ಸಿಗೆ ಬರುತ್ತೇನೆ ಎಂದಿದ್ದನ್ನು ಶಾಂತಮಲ್ಲಪ್ಪ ಕೇಳಿದ್ದರು.

"ಸ್ವಾಮಿಯವರೇ, ಫೋನು ಎತ್ತಿದ್ದು ಯಾರು?"

ಮುದುಕರ ಕೈ ಹಾಗೇ ಚಾಚಿಕೊಂಡಿತ್ತು. ನಡುಮನೆಯ ಬಾಗಿಲಿಗೆ ದೊಡ್ಡಮಲ್ಲಮ್ಮ ಬಂದು ನಿಂತರು.

"ಅವ್ರನ್ನ ಬುಡಿ ಸಾ. ಒಡೆದಿದ್ದು ನಾನು."

ಗಂಡ ಒಳಗೆ ಓಗು ಎಂದು ಗದರಿದರು. ಆಕೆ ಹೋಗಲಿಲ್ಲ. ಮಹಿಳಾ ಕಾನ್‌ಸ್ಟೇಬಲ್ ಚಾಮುಂಡಿಯನ್ನು ಪಕ್ಕಕ್ಕೆ ಕೂರಿಸಿ ಹೇಳಿಕೆ ಬರೆದುಕೊಂಡರು. ಹಿಂದಿನ ಚುನಾವಣೆಯಲ್ಲಿ ಗಂಡ ತುಂಬಿದ ಬಂದೂಕನ್ನೇ ಠಾಣೆಗೆ ಒಯ್ದು, ಇಡೀ ಸಾಲಿನ ಎದುರಿಗೆ ಬೈಸಿಕೊಂಡು ಬಂದಿದ್ದರು. ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಮತ್ತೆ ಹಾಗಾಗಬಾರದು. ಗಂಡ ಬರುವಷ್ಟರಲ್ಲಿ ಕತ್ತಲಾಗುತ್ತದೆ, ಬೆಳಿಗ್ಗೆ ಹಾರಿಸೋಣವೆಂದರೆ ಕೊಯ್ಲಿನ ಆಳುಗಳು ಹೊಲದ ತುಂಬ ಇರುತ್ತಾರೆ. ಸಂಜೆಯಾದರೆ ನರಪಿಳ್ಳೆ ಇರುವುದಿಲ್ಲ. ಮೂವತ್ತು ವರ್ಷ ನೋಡಿದ್ದ ಕೆಲಸ. ಕೇಪು ಇಟ್ಟರು, ಬೇಲಿಗೆ ಹಿಡಿದರು, ಬಂದೂಕಿನ ಕುದುರೆ ಎಳೆದರು. ಬೇಲಿಯಾಚೆ, ಕಣ್ಣಿಗೆ ಬೀಳದ ರಸ್ತೆಯ ತಿರುವಿನಲ್ಲಿ ಲಾರಿ ಬಂದು ನಿಂತಿದ್ದು ಅವರಿಗೆ ಗೊತ್ತಿರಲಿಲ್ಲ.

"ಕೂಗ್ಲಿಲ್ಲ ಯಾಕಮ್ಮ? ಊರ ಪದ್ಧತಿ ಅಲ್ವಾ?"

ದೊಡ್ಡಮಲ್ಲಮ್ಮ ನೆಲ ನೋಡಿದರು. "ಗಂಡಸಾದ್ರೆ ಕೂಗ್ತಾನೆ. ನನ್ನ ಗಂಟ್ಲು ಕೇಳಿದ್ರೆ ಊರು ಏನಂದದು? ಸ್ವಾಮಿ ಎಡ್ತಿ ಬಂದೂಕ ಹಿಡ್ದವ್ಳೆ, ಅವ್ನ ಕೈಲಿ ಏನೂ ಆಯ್ತಿಲ್ಲ ಅಂತ ನಗಾಡ್ತಾರೆ."

ಗಂಡನ ಕೈ ಒಂದು ವರ್ಷದಿಂದ ನಡುಗುತ್ತಿತ್ತು. ಅದು ಊರಿಗೆ ಗೊತ್ತಾಗದಂತೆ ಆಕೆ ಹೇಗೋ ಸಂಸಾರ ತೂಗಿಸಿಕೊಂಡು ಬಂದಿದ್ದರು. ಈಗಲೂ ಅದನ್ನು ಗಂಡನಿಗೆ ಕೇಳದಂತೆ ದನಿ ಇಳಿಸಿ ಹೇಳಿದರು.

ಮಧ್ಯಾಹ್ನ ಮೂರಕ್ಕೆ ದೊಡ್ಡಮಲ್ಲಮ್ಮನವರನ್ನು ಬಂಧಿಸಲಾಯಿತು. ಲೈಸೆನ್ಸು ಪಡೆದ ಬಂದೂಕನ್ನು ತುಂಬಿದ ಸ್ಥಿತಿಯಲ್ಲಿ ಇನ್ನೊಬ್ಬರ ಕೈಗೆ ಸಿಗುವಂತೆ ಇಟ್ಟಿದ್ದಕ್ಕೆ ಶಿವರುದ್ರಸ್ವಾಮಿ ಎರಡನೇ ಆರೋಪಿಯಾದರು. ಚಾಮುಂಡಿಯ ಪಕ್ಕ ಜೀಪಿನಲ್ಲಿ ಕೂತ ಆಕೆ ಊರ ಬಾಗಿಲು ದಾಟುವವರೆಗೂ ಅಳಲಿಲ್ಲ. ಹೆದ್ದಾರಿಯಲ್ಲಿ ಕೋಸು, ಬದನೆ ತುಂಬಿದ ಲಾರಿಗಳು ಸಾಲಾಗಿ ಕೇರಳದ ಕಡೆ ಹೋಗುತ್ತಿದ್ದವು.

"ಸಾ, ಆ ಮಗೀನ ಕಾಲು ಉಳ್ಕತದಾ?"

ಹೊರಡುವ ಮುಂಚೆ ಆಸ್ಪತ್ರೆಯಿಂದ ಫೋನು ಬಂದಿತ್ತು. ಹಿದಾಯತ್ ಉಲ್ಲಾರಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಕಾಲು ಉಳಿಯುತ್ತೆ, ಕೋಲು ಹಿಡಿದು ನಡೆದಾನು, ಆದರೆ ನರ ಹೋಗಿದೆ, ಪಾದ ಮೇಲೇಳುವುದಿಲ್ಲ, ಎಂದರು.

"ಅಂಗಾದ್ರೆ ಲಾರಿ?"

"ಬ್ರೇಕು ತುಳಿಯೋಕಾಗಲ್ಲಮ್ಮ."

ಸ್ವಲ್ಪ ದೂರ ಹೋದ ಮೇಲೆ ಆಕೆ ಚಾಮುಂಡಿಯ ಕೈ ಹಿಡಿದುಕೊಂಡರು.

"ನಾಕು ಜನ ನಕ್ಬುಡ್ತಾರೆ ಅಂತ ಬಾಯಿ ಮುಚ್ಕೊಂಡೆ ಕಣಮ್ಮಿ. ನಕ್ಕಿದ್ರೆ ಏನಾಯ್ತಿತ್ತು?"

ಹಿದಾಯತ್ ಉಲ್ಲಾ ರಸ್ತೆ ನೋಡುತ್ತ ಕೂತರು. ಎದುರಿಗೆ ಬಂದ ಲಾರಿಯೊಂದಕ್ಕೆ ದಾರಿ ಬಿಡಲು ಚಾಲಕ ಜೀಪನ್ನು ಪಕ್ಕಕ್ಕೆ ಸರಿಸಿದ. ಹಿಂದಿನ ಸೀಟಿನಲ್ಲಿ ದೊಡ್ಡಮಲ್ಲಮ್ಮ ಮೊದಲ ಸಲ ದನಿ ತೆಗೆದು ಅತ್ತರು.