ಮಂತ್ರಿಗಳಿಗಾಗಿ ಕಾದ ಕನ್ನಡಕಗಳು

1974ರ ಸೆಪ್ಟೆಂಬರ್ 9, ಸೋಮವಾರ. ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ಸ್ನೇಹದೀಪ ಸೇವಾ ಕ್ಲಬ್ಬಿನ ಅಧ್ಯಕ್ಷ ಗುರುಶಾಂತಪ್ಪ ಏದುಸಿರು ಬಿಡುತ್ತ ಹೊಸದುರ್ಗ ಠಾಣೆಯ ಮೆಟ್ಟಿಲು ಹತ್ತಿದರು. ಕೊಬ್ಬರಿ ಮಂಡಿಯ ಯಜಮಾನರು. ಠಾಣೆಗೆ ಬರುವುದಿದ್ದರೆ ಮೊದಲು ಆಳನ್ನು ಕಳಿಸಿ, ಸಾಹೇಬರು ಇದ್ದಾರೆಂದು ಖಾತ್ರಿ ಮಾಡಿಕೊಂಡು ಬರುವವರು. ಇವತ್ತು ಹೆಗಲ ಮೇಲಿನ ವಲ್ಲಿಯನ್ನೂ ಮರೆತು ಬಂದಿದ್ದರು.

ಸಬ್ ಇನ್ಸ್‌ಪೆಕ್ಟರ್ ಮರುಳಸಿದ್ದಪ್ಪ ಕುರ್ಚಿ ತೋರಿಸಿದರು. "ಕುಂತ್ಕಳ್ರಿ. ಏನಾಯ್ತು?"

"ಕನ್ನಡಕ ಹೋದ್ವು ಸಾಹೇಬ್ರೆ. ಟ್ರಂಕು ಖಾಲಿ."

ಯಾವ ಕನ್ನಡಕ ಎಂದು ಕೇಳಬೇಕಾಗಿರಲಿಲ್ಲ. ಮಾರ್ಚಿನಲ್ಲಿ ಕ್ಲಬ್ಬಿನವರು ಕಣ್ಣಿನ ಶಿಬಿರ ನಡೆಸಿ, ಹೊಳಲ್ಕೆರೆ, ಹಿರಿಯೂರು, ಹೊಸದುರ್ಗದ ಹಳ್ಳಿಗಳಿಂದ ಬಂದ ನೂರಿಪ್ಪತ್ತು ಮುದುಕ ಮುದುಕಿಯರಿಗೆ ಪೊರೆ ತೆಗೆಸಿದ್ದರು. ಪೊರೆ ತೆಗೆದ ಕಣ್ಣಿಗೆ ದಪ್ಪ ಗಾಜಿನ ಕನ್ನಡಕ ಬೇಕೇ ಬೇಕು. ಅದಿಲ್ಲದಿದ್ದರೆ ಬೆಳಕು ಕಂಡೀತೇ ಹೊರತು ವಸ್ತು ಕಾಣುವುದಿಲ್ಲ. ಎಲ್ಲರಿಗೂ ಒಂದೇ ನಂಬರಿನ ಕನ್ನಡಕಗಳು ಮೇ ತಿಂಗಳಲ್ಲೇ ಬೆಂಗಳೂರಿನಿಂದ ಬಂದಿದ್ದವು. ಮಂತ್ರಿಗಳ ಕೈಯಿಂದ ಹಂಚಿಸುವುದೆಂದು ಕ್ಲಬ್ಬು ತೀರ್ಮಾನಿಸಿತ್ತು. ಜೂನಿನ ತಾರೀಕು ಮುಂದೆ ಹೋಯಿತು, ಜುಲೈನದೂ ಹೋಯಿತು. ಈಗ ಸೆಪ್ಟೆಂಬರ್ 22 ಖಾತ್ರಿಯಾಗಿ, ಬಂದೋಬಸ್ತಿನ ಆದೇಶ ಮರುಳಸಿದ್ದಪ್ಪನವರ ಮೇಜಿನ ಮೇಲೇ ಬಂದು ಬಿದ್ದಿತ್ತು.

ದೂರು ಬರೆಸಿಕೊಂಡು, ಕಟ್ಟಡದೊಳಗಿನ ಕಳವು ಎಂದು 380ನೇ ಕಲಮಿನಡಿ ಎಫ್.ಐ.ಆರ್. ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಕರಿಯಣ್ಣನನ್ನು ಜತೆಗೆ ಕರೆದುಕೊಂಡು ಅವರು ಕ್ಲಬ್ಬಿಗೆ ಹೊರಟರು.

ಕ್ಲಬ್ಬಿನದು ಪೇಟೆಯ ಹಿಂದಿನ ಬೀದಿಯಲ್ಲಿ ಒಂದು ಸಭಾಂಗಣ, ಅದರ ಬೆನ್ನಿಗೊಂದು ಉಗ್ರಾಣ. ಹಸಿರು ಬಣ್ಣದ ಟ್ರಂಕು ಉಗ್ರಾಣದ ಮೂಲೆಯಲ್ಲಿತ್ತು. ಬೀಗ ಮುರಿದಿರಲಿಲ್ಲ. ಕರಿಯಣ್ಣ ಮಂಡಿಯೂರಿ ಕೊಂಡಿಯನ್ನು ನೋಡಿದ.

"ತಿರುಪುಮೊಳೆ ಬಿಚ್ಚಿ, ಮತ್ತೆ ಹಾಕ್ಯಾರೆ ಸಾ. ಬಣ್ಣ ಎದ್ದೈತೆ ನೋಡ್ರಿ."

"ಕೊನೇ ಸಲ ಟ್ರಂಕು ತೆಗೆದದ್ದು ಯಾವಾಗ?"

"ಜುಲೈನಾಗೆ," ಎಂದರು ಗುರುಶಾಂತಪ್ಪ. "ಧೂಳು ಒರೆಸಾಣ ಅಂತ ಇವತ್ತು ತೆಗೆಸಿದ್ರೆ ಹಿಂಗೆ. ಕೀಲಿಕೈ ನನ್ ಹತ್ರ, ಕೋಣೆ ಕೀಲಿ ಸಣ್ಣಪ್ಪನ ಹತ್ರ. ಇನ್ನೇನು ತನಿಖೆ ಸಾಹೇಬ್ರೆ? ಅವನ್ನ ಎಳಕಂಡು ಹೋಗ್ರಿ."

ಕಾವಲುಗಾರ ಸಣ್ಣಪ್ಪ ಬಾಗಿಲ ಬಳಿ ನಿಂತಿದ್ದ. ಐವತ್ತು ದಾಟಿದವನು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಬೆನ್ನ ಹಿಂದೆ, ಒಮ್ಮೆ ಮುಂದೆ ಕಟ್ಟಿಕೊಳ್ಳುತ್ತಿದ್ದ. ಪಂಚರ ಸಮಕ್ಷಮ ಪಂಚನಾಮೆ ಮುಗಿಸಿ ಮರುಳಸಿದ್ದಪ್ಪ ಅವನನ್ನು ಹತ್ತಿರ ಕರೆದರು.

"ಜುಲೈನಿಂದ ಈಚೆಗೆ ಈ ಕೋಣೆಯಾಗಿಂದ ಏನೇನು ಹೊರಗೆ ಹೋಯ್ತು?"

"ಕುರ್ಚಿ ಹೋದ್ವು, ಬಂದ್ವು. ಹಾಸ್ಟೆಲ್ ಹುಡುಗ್ರಿಗೆ ಕೊಟ್ಟ ಕಂಬಳಿ ಗಂಟು ಹೋದ್ವು. ಉಳಿದಿದ್ದು ವಾಪಸ್ ಅಂಗಡಿಗೆ ಹೋದ್ವು."

"ಟ್ರಂಕು ಅಲ್ಲಾಡ್ಸಿದ್ಯಾ?"

"ಗುಡಿಸ್ವಾಗ ಸರಿಸ್ತಿದ್ದೆ ಸ್ವಾಮಿ. ಗಾಜಿನ್ವು ಅಂತ ಹೆದರಿ ಎತ್ತಿದ್ದಿಲ್ಲ."

ಮರುಳಸಿದ್ದಪ್ಪ ಅವನ ಹೇಳಿಕೆ ಬರೆದುಕೊಂಡು, ಊರು ಬಿಟ್ಟು ಹೋಗಬೇಡವೆಂದು ಹೇಳಿ ಬಿಟ್ಟರು. ಆದರೆ ಗುರುಶಾಂತಪ್ಪ ಬಿಡಲಿಲ್ಲ. ಅಲ್ಲೇ, ಎಲ್ಲರೆದುರೇ, ಕೀಲಿಗೊಂಚಲು ಕಿತ್ತುಕೊಂಡು, "ನಾಳೆಯಿಂದ ಈ ಕಡೆ ತಲೆ ಹಾಕಬ್ಯಾಡ" ಎಂದರು. ಸಣ್ಣಪ್ಪ ಗೂಟಕ್ಕೆ ತೂಗು ಹಾಕಿದ್ದ ಅಂಗಿಯನ್ನು ತೆಗೆದುಕೊಂಡು ಬಿಸಿಲಿಗಿಳಿದು ಹೋದ. ಅವನ ನಡಿಗೆಯನ್ನೇ ನೋಡುತ್ತ ನಿಂತ ಮರುಳಸಿದ್ದಪ್ಪನವರಿಗೆ ಇವನು ಕದ್ದವನಲ್ಲ ಅನ್ನಿಸಿತು. ಅನ್ನಿಸಿದ್ದನ್ನು ಕೇಸ್ ಡೈರಿಯಲ್ಲಿ ಬರೆಯುವ ಹಾಗಿಲ್ಲ.

ಕದ್ದ ಮಾಲು ಮಾರಾಟಕ್ಕೆ ಬಂದೇ ಬರುತ್ತದೆ ಎಂಬ ಲೆಕ್ಕದಲ್ಲಿ ಚಿತ್ರದುರ್ಗದ ಕನ್ನಡಕದ ಅಂಗಡಿಗಳಲ್ಲಿ ವಿಚಾರಿಸಿದ್ದಾಯಿತು. ಯಾರೂ ಮಾರಲು ಬಂದಿರಲಿಲ್ಲ. ಬುಧವಾರ ಹಿರಿಯೂರಿನಲ್ಲಿ ಗಡಿಯಾರ ರಿಪೇರಿಯ ಸಾಬರೊಬ್ಬರು ಮಾತ್ರ ತಲೆ ಕೆರೆದುಕೊಂಡರು.

"ಮಾರೋಕಲ್ಲ ಸಾಬ್, ರಿಪೇರಿಗೆ ಬಂದಿತ್ತು. ಸೋಡಾ ಬಾಟ್ಲಿ ತಳದಷ್ಟು ದಪ್ಪ ಗಾಜು. ಕಡ್ಡಿ ಸಡಿಲ ಆಗಿತ್ತು. ಜವನಗೊಂಡನಹಳ್ಳಿ ಅಜ್ಜ, ಕರಿಸಿದ್ದಪ್ಪ ಅಂತ. ಕುರಿ ಸಾಕ್ತಾನೆ."

ಕರಿಸಿದ್ದಪ್ಪ ಊರ ಹೊರಗಿನ ಹಟ್ಟಿಯಲ್ಲಿ ಸಿಕ್ಕಿದ. ಕುರಿಯೊಂದನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಉಣ್ಣೆ ಕತ್ತರಿಸುತ್ತಿದ್ದ. ಮೂಗಿನ ಮೇಲೆ ಅದೇ ಕನ್ನಡಕ. ಎರಡು ಕಡ್ಡಿಗಳ ತುದಿಗೂ ಗಂಟು ಹಾಕಿದ ಉಣ್ಣೆಯ ಹುರಿಯೊಂದು ಅವನ ಕುತ್ತಿಗೆಯ ಹಿಂದೆ ಹಾದಿತ್ತು. ಕರಿ ಎಳೆಗಳ ನಡುವೆ ಒಂದೇ ಒಂದು ಕೆಂಪೆಳೆ. ಬಗ್ಗಿದರೂ ಕನ್ನಡಕ ಬೀಳದ ಹಾಗೆ ಯಾರೋ ಯೋಚನೆ ಮಾಡಿ ಕಟ್ಟಿದ್ದರು.

"ಅಜ್ಜ, ಇದನ್ನ ಯಾರು ಕೊಟ್ರು?"

"ದ್ಯಾವ್ರು ಕೊಟ್ಟ."

"ದೇವ್ರ ಹೆಸ್ರೇನು?"

ಮುದುಕ ಕತ್ತರಿ ಕೆಳಗಿಟ್ಟ. ಗಾಜಿನ ಹಿಂದೆ ಬೃಹತ್ತಾಗಿ ಕಾಣುತ್ತಿದ್ದ ಕಣ್ಣುಗಳಿಂದ ಅವರನ್ನು ಟೋಪಿಯಿಂದ ಬೂಟಿನವರೆಗೆ ನೋಡಿದ. "ಪೊಲೀಸ್ನೋರು. ಕಾಣ್ತೈತೆ ನಂಗೆ. ಇದನ್ನ ಕಿತ್ಕಂಡು ಹೋಗಾಕೆ ಬಂದೀರೇನ್ರಪ್ಪ?"

ಕದ್ದ ಮಾಲು ಕಣ್ಣೆದುರಿಗಿದೆ, ಜಪ್ತಿ ಮಾಡಲೇಬೇಕು. ಮಾಡಿದರೆ ಈ ಮುದುಕ ಕುರಿಯ ಉಣ್ಣೆ ಯಾವುದು, ಚರ್ಮ ಯಾವುದು ಎಂದು ತಿಳಿಯದವನಾಗುತ್ತಾನೆ. ಕೊನೆಗೆ ಮರುಳಸಿದ್ದಪ್ಪ ಕರಿಯಣ್ಣನಿಗೆ ಕಾಗದ ತೆಗೆಯಲು ಹೇಳಿದರು. ಜಪ್ತಿ ಪಂಚನಾಮೆ ಬರೆಸಿ, ಕನ್ನಡಕವನ್ನು ಕರಿಸಿದ್ದಪ್ಪನ ಜಿಮ್ಮಾಕ್ಕೇ ಕೊಟ್ಟು, ಕೋರ್ಟು ಕೇಳಿದಾಗ ಹಾಜರುಪಡಿಸುವುದಾಗಿ ಮುಚ್ಚಳಿಕೆ ಬರೆಸಿಕೊಂಡರು.

"ಇದಕ್ಕೆ ಹೆಬ್ಬೆಟ್ಟು ಒತ್ತು. ಕನ್ನಡಕ ನಿನ್ ಹತ್ರಾನೇ ಇರ್ಲಿ."

ಮುದುಕ ಹೆಬ್ಬೆಟ್ಟು ಒತ್ತಿ, ಮಸಿಯ ಗುರುತನ್ನು ಹತ್ತಿರ ಹಿಡಿದು ನೋಡಿದ. "ನನ್ ಬೆರಳ ಗೆರೆ ಇಷ್ಟು ಚೆಂದ ಅವೆ ಅಂತ ಗೊತ್ತೇ ಇರ್ಲಿಲ್ಲ," ಎಂದು ನಕ್ಕ. ಕೊಟ್ಟವನ ಹೆಸರು ಮಾತ್ರ ಹೇಳಲಿಲ್ಲ.

ಶಿಬಿರದ ಪಟ್ಟಿ ಹಿಡಿದು ಹೋದ ಶ್ರೀರಾಂಪುರದಲ್ಲೂ ಹಾಗೇ ಆಯಿತು. ಕನ್ನಡಕ ಇತ್ತು, ಕೆಂಪೆಳೆಯ ಹುರಿ ಇತ್ತು, ಬಾಯಿ ಮಾತ್ರ ಮುಚ್ಚಿತ್ತು. ಇಷ್ಟೊಂದು ಜನ ಒಂದೇ ಗುಟ್ಟನ್ನು ಇಟ್ಟುಕೊಂಡದ್ದನ್ನು ಮರುಳಸಿದ್ದಪ್ಪ ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ. ಗುರುವಾರ ಬಾಗೂರಿನಲ್ಲಿ ಬೊಮ್ಮಕ್ಕ ಎಂಬ ಮುದುಕಿ ಕೂಡ ಕೊಟ್ಟವರ ಹೆಸರು ಹೇಳಲು ಒಪ್ಪಲಿಲ್ಲ. ಆದರೆ ಜಗಲಿಯಲ್ಲಿ ಕೂರಿಸಿ, ಮಜ್ಜಿಗೆ ಕೊಟ್ಟು, ಕೇಳದಿದ್ದ ಇನ್ನೊಂದು ಮಾತು ಹೇಳಿದಳು.

"ಬಂದಿದ್ದು ತಡ ಆಯ್ತು ಕಣಪ್ಪ. ನನ್ ವಾರಗಿತ್ತಿ ಸಿದ್ದಕ್ಕ ಇದ್ಲು. ನಾವಿಬ್ರೂ ಒಂದೇ ದಿನ ಕಣ್ಣು ಮಾಡ್ಸಿದ್ದು. ಪೂರ್ತಿ ಕುರುಡಿ ಆಗಿದ್ದಾಗ ಕೋಲು ಹಿಡ್ಕಂಡು ಊರೆಲ್ಲಾ ಸುತ್ತೋಳು. ಒಂದಿನ ಎಡವಲಿಲ್ಲ. ಪೊರೆ ತೆಗೆದ ಮ್ಯಾಲೆ ಬೆಳಕು ಬಂತಲ್ಲ, ಕಾಣ್ತೈತೆ ಅಂತ ಕೋಲು ಬಿಸಾಕಿದ್ಲು. ಜುಲೈನಾಗೆ, ಹೊಲದ ಬಾವಿ... ಬೆಳ್ಳಗೆ ಹೊಳೀತಿತ್ತು, ಬಂಡೆ ಅಂದ್ಕಂಡ್ಲೋ ಏನೋ. ಕಾಲಿಟ್ಲು."

ಬೊಮ್ಮಕ್ಕ ಕನ್ನಡಕ ತೆಗೆದು ಸೆರಗಿನಿಂದ ಗಾಜು ಒರೆಸಿಕೊಂಡಳು. "ಮಂತ್ರಿ ಬರ್ಬೇಕಿತ್ತಂತೆ. ಅವ್ರಿಗೇನು, ಕೆಲಸ ಇರ್ತಾವೆ."

ಹಿಂದಿರುಗುವ ಜೀಪಿನಲ್ಲಿ ಕರಿಯಣ್ಣ ಕೇಳಿದ, "ಸಾ, ಈ ಕೇಸು ಮುಂದುವರಿಸಾಣ?"

"ಸಣ್ಣಪ್ಪನ ಮನೇಲಿ ಒಲೆ ಹತ್ತಿಲ್ಲ ಕರಿಯಣ್ಣ. ಕಳ್ಳ ಸಿಕ್ಕದಿದ್ರೆ ಅವನೇ ಕಳ್ಳ."

ಶುಕ್ರವಾರ ಸಂಜೆ ಐದಕ್ಕೆ ಕ್ಲಬ್ಬಿನ ತುರ್ತುಸಭೆ. ಸದಸ್ಯರ ಹೇಳಿಕೆ ಪಡೆಯಲು ಮರುಳಸಿದ್ದಪ್ಪ ಅಲ್ಲಿಗೇ ಹೋದರು. ಮುಂದಿನ ಸಾಲಿನಲ್ಲಿ ಮಂಡಿಯವರು, ವಕೀಲರು, ಡಾಕ್ಟರು. ಹಿಂದಿನ ಸಾಲಿನ ತುದಿಯಲ್ಲಿ ಕಂಬಳಿ ವ್ಯಾಪಾರಿ ತಿಮ್ಮರಾಯಪ್ಪ. ಕುರುಬರ ಹಟ್ಟಿಯಲ್ಲಿ ಹುಟ್ಟಿ, ಪೇಟೆಯಲ್ಲಿ ಅಂಗಡಿ ಹಾಕಿ, ಎರಡು ವರ್ಷದ ಹಿಂದೆ ಕ್ಲಬ್ಬಿಗೆ ಸೇರಿದವರು. ಶಿಬಿರಕ್ಕೆ ಹೆಚ್ಚು ಜನರನ್ನು ಕರೆತಂದದ್ದು ತಿಮ್ಮರಾಯಪ್ಪನವರೇ ಎಂದು ಗುರುಶಾಂತಪ್ಪ ಸೋಮವಾರವೇ ಹೇಳಿದ್ದರು.

ಸಭೆಯ ಮೊದಲಿಗೆ ಗುರುಶಾಂತಪ್ಪ ರೂಢಿಯಂತೆ ಅತಿಥಿಗೆ ಸನ್ಮಾನ ಮಾಡಲು ಎದ್ದರು. ಬೇಡವೆಂದರೂ ಕೇಳದೆ ಮರುಳಸಿದ್ದಪ್ಪನವರ ಹೆಗಲಿಗೆ ನುಣುಪಾದ ಕರಿ ಕಂಬಳಿಯೊಂದನ್ನು ಹೊದಿಸಿದರು. ಮರುಳಸಿದ್ದಪ್ಪ ಅದರ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರು. ಹೊಲಿದಿದ್ದ ಹುರಿಯಲ್ಲಿ ಕರಿ ಎಳೆಗಳ ನಡುವೆ ಒಂದೇ ಒಂದು ಕೆಂಪೆಳೆ.

"ಇದು ಯಾರಂಗಡೀದು?"

"ನಮ್ಮ ತಿಮ್ಮರಾಯಪ್ಪನವರದೇ," ಎಂದರು ಗುರುಶಾಂತಪ್ಪ ಹೆಮ್ಮೆಯಿಂದ.

ಮರುಳಸಿದ್ದಪ್ಪ ಹಿಂದಿನ ಸಾಲಿನ ಕಡೆ ನೋಡಿದರು. ತಿಮ್ಮರಾಯಪ್ಪ ಅಷ್ಟರಲ್ಲೇ ಎದ್ದು ನಿಂತಿದ್ದರು.

"ಇನ್ನೂ ಹದಿನೆಂಟು ಉಳಿದವೆ ಸಾಹೇಬ್ರೆ. ಅಂಗಡಿ ಅಟ್ಟದ ಮ್ಯಾಲವೆ. ಹೊಳಲ್ಕೆರೆ ಕಡೆಯೋರವು. ಅವನ್ನೂ ಮುಟ್ಸಿ ನಾನೇ ಠಾಣೆಗೆ ಬರ್ಬೇಕು ಅಂದ್ಕಂಡಿದ್ದೆ."

ಗುರುಶಾಂತಪ್ಪನವರ ಮುಖ ಕಪ್ಪಿಟ್ಟಿತು.

"ತಿಮ್ಮರಾಯಪ್ಪ, ನೀವಾ? ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಕೇಳ್ದೆ ಅಣ್ಣಾರೆ. ಜೂನಿನಾಗೂ ಕೇಳ್ದೆ, ಜುಲೈನಾಗೂ ಕೇಳ್ದೆ. ಸಿದ್ದಕ್ಕ ಬಾವಿಗೆ ಬಿದ್ಲು ಅಂತ ಈ ಜಾಗದಾಗೇ ನಿಂತು ಹೇಳ್ದೆ. ಎಲ್ರೂ ಎದ್ದು ಎರಡು ನಿಮಿಷ ಮೌನ ಮಾಡಿದ್ರಿ. ಕುಂತ ಮ್ಯಾಲೆ ಸ್ವಾಗತದ ಕಮಾನು ಎಷ್ಟೆತ್ತರ ಇರ್ಬೇಕು ಅಂತ ಮಾತು ಶುರು ಆಯ್ತು."

"ನಾನೇನು ಹಾರ ಹಾಕಿಸ್ಕಳ್ಳಾಕೆ ಮಂತ್ರಿಗಳನ್ನ ಕರೆದೆ ಅಂದ್ಕಂಡ್ರಾ?" ಗುರುಶಾಂತಪ್ಪನವರ ದನಿ ಒಡೆಯಿತು. "ಅವ್ರು ಬಂದು ನೋಡಿದ್ರೆ ತಾಲ್ಲೂಕು ಆಸ್ಪತ್ರೆಗೆ ಕಣ್ಣಿನ ವಾರ್ಡು ಮಂಜೂರಾಗ್ತಿತ್ತು. ವರ್ಷಾ ವರ್ಷಾ ಶಿಬಿರಕ್ಕೆ ಕಾಯೋದು ತಪ್ತಿತ್ತು."

"ಗೊತ್ತು ಅಣ್ಣಾರೆ. ನಿಮ್ ಮನಸು ಕೆಟ್ಟದ್ದು ಅಂತ ನಾನು ಹೇಳಾದಿಲ್ಲ."

ತಿಮ್ಮರಾಯಪ್ಪ ಮರುಳಸಿದ್ದಪ್ಪನವರ ಕಡೆ ತಿರುಗಿದರು. "ಸಣ್ಣಪ್ಪನ ಕೆಲಸ ಹೋಯ್ತಂತೆ. ಉಣ್ಣೆ ಖರೀದಿಗೆ ಹೋದೋನು ಇವತ್ತು ಮಧ್ಯಾಹ್ನ ಬಂದೆ, ಆಗ ಗೊತ್ತಾಯ್ತು. ಉಳಿದ ಕಂಬಳಿ ಗಂಟಿನಾಗೆ ಕನ್ನಡಕ ಸುತ್ಕಂಡು ಹೋದಾಗ ಅವನೇ ಬಾಗಿಲು ತೆಗೆದು, ಗಾಡಿಗೆ ಏರಿಸಿಕೊಟ್ಟ. ಒಳಗೇನೈತೆ ಅಂತ ಅವನಿಗೆ ಗೊತ್ತಿಲ್ಲ. ಅದನ್ನ ಮೊದ್ಲು ಬರ್ಕಳ್ರಿ."

ಅಂಗಡಿಯ ಅಟ್ಟದಲ್ಲಿ, ಕಂಬಳಿಗಳ ನಡುವೆ, ಹದಿನೆಂಟು ಕನ್ನಡಕಗಳು ಪಂಚರ ಎದುರು ಸಿಕ್ಕವು. ಎಲ್ಲಕ್ಕೂ ಹುರಿ ಕಟ್ಟಿ ಮುಗಿದಿತ್ತು. ಸಂಜೆ ಏಳಕ್ಕೆ ದಸ್ತಗಿರಿ. ಬೇಡಿ ಹಾಕಲಿಲ್ಲ. ಪೇಟೆ ಬೀದಿಯಲ್ಲಿ ತಿಮ್ಮರಾಯಪ್ಪ ಮರುಳಸಿದ್ದಪ್ಪನವರ ಪಕ್ಕದಲ್ಲೇ ನಡೆದು ಬಂದರು. ಕರಿಯಣ್ಣ ಹಿಂದೆ ಬಂದ.

ಠಾಣೆಯಲ್ಲಿ ಹೇಳಿಕೆ ಬರೆಯುವಾಗ ಮರುಳಸಿದ್ದಪ್ಪ ಕೇಳಿದರು, "ಸಿದ್ದಕ್ಕ ನಿಮಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ. ಉಣ್ಣೆಗೆ ಹೋದಾಗ ನೀರು ಕೊಡೋಳು. ಕಣ್ಣಿಗೆ ಕತ್ತಿ ಹಾಕ್ತಾರೆ ಅಂತ ಯಾರೂ ಬರಾಕೆ ಒಪ್ಪಿರ್ಲಿಲ್ಲ ಸಾಹೇಬ್ರೆ. ನಾನು ಹಟ್ಟಿ ಹಟ್ಟಿ ತಿರುಗ್ದೆ. ಸಿದ್ದಕ್ಕ ಕೇಳಿದ್ಲು, 'ಲೇ ತಿಮ್ಮ, ನಿಜವಾಗ್ಲೂ ಕಾಣ್ತೈತೇನೋ?' ಅಂತ. 'ಕಾಣ್ತೈತೆ, ನಾನಿದೀನಿ ಬಾ' ಅಂದೆ. ಅವ್ಳು ಬಂದ್ಲು ಅಂತ ಉಳಿದೋರೂ ಬಂದ್ರು. ಯಾರಿಗೂ ಕ್ಲಬ್ಬು ಗೊತ್ತಿಲ್ಲ, ಮಂತ್ರಿ ಗೊತ್ತಿಲ್ಲ. ಅವ್ರು ನಂಬಿದ್ದು ನನ್ನ ಮಾತು. ಹೆಣ ಎತ್ತಿದಾಗ ನಾನೂ ಅಲ್ಲೇ ಇದ್ದೆ. ಅವಳ ಮಗ ನನ್ನ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಬಹುಶಃ ಕದೀತಿರ್ಲಿಲ್ಲ."

ಮರುಳಸಿದ್ದಪ್ಪ ಅದನ್ನು ಹೇಳಿದಂತೆಯೇ ಬರೆದುಕೊಂಡರು.

ಮರುದಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ಜಾಮೀನಿಗೆ ಇಬ್ಬರು ಬಂದಿದ್ದರು. ಒಬ್ಬರು ತಿಮ್ಮರಾಯಪ್ಪನವರ ಭಾವ. ಇನ್ನೊಬ್ಬರು ಗುರುಶಾಂತಪ್ಪ. ಜಪ್ತಾದ ಮಾಲನ್ನು ಶಿಬಿರದ ರೋಗಿಗಳಿಗೇ ಕೊಡಲು ಕ್ಲಬ್ಬಿನ ಅಭ್ಯಂತರವಿಲ್ಲ ಎಂಬ ಅರ್ಜಿಗೂ ಅವರೇ ಸಹಿ ಹಾಕಿದರು. ಹೊಸದುರ್ಗ ಬಿಟ್ಟು ಹೋಗಬಾರದೆಂಬ ಷರತ್ತಿನ ಮೇಲೆ ಜಾಮೀನು ಸಿಕ್ಕಿತು. ಕೇಸು ಮಾತ್ರ ನಿಲ್ಲುವ ಹಾಗಿರಲಿಲ್ಲ. ನಿಲ್ಲಿಸಿ ಎಂದು ತಿಮ್ಮರಾಯಪ್ಪನವರೂ ಕೇಳಲಿಲ್ಲ. ಗುರುಶಾಂತಪ್ಪ ಅಂದೇ ಸಣ್ಣಪ್ಪನ ಮನೆಗೆ ಹೋಗಿ ಕೀಲಿಗೊಂಚಲು ಹಿಂದಕ್ಕೆ ಕೊಡಲು ನೋಡಿದರಂತೆ. ಸಣ್ಣಪ್ಪ ತೆಗೆದುಕೊಳ್ಳಲಿಲ್ಲ. ಯಾರ ಮೇಲೂ ಸಿಟ್ಟಿಲ್ಲ, ಆದರೆ ಆ ಬಾಗಿಲಲ್ಲಿ ಇನ್ನು ನಿಲ್ಲಲಾರೆ ಎಂದನಂತೆ.

ಕೋರ್ಟಿನ ಆದೇಶ ಕೈಗೆ ಬಂದ ದಿನ ಕರಿಯಣ್ಣ ಹದಿನೆಂಟು ಕನ್ನಡಕಗಳನ್ನು ಚೀಲಕ್ಕೆ ಹಾಕಿಕೊಂಡು ಹೊಳಲ್ಕೆರೆ ಕಡೆಯ ಬಸ್ಸು ಹತ್ತಿದ. ಮರುದಿನ ಸಂಜೆ ಬಂದು, ಹೆಬ್ಬೆಟ್ಟು ಒತ್ತಿಸಿದ ರಸೀತಿಗಳನ್ನು ಮೇಜಿನ ಮೇಲಿಟ್ಟ.

"ಎಲ್ರಿಗೂ ಮುಟ್ತಾ?" ಎಂದರು ಮರುಳಸಿದ್ದಪ್ಪ.

"ಮುಟ್ತು ಸಾ. ಮುದ್ದಕ್ಕ ಅಂತ ಒಬ್ಬಾಕಿ, ಹಾಕ್ಕಂಡ ಕೂಡ್ಲೇ ನನ್ ಮುಖ ನೋಡಿ, 'ನೀನು ತಿಮ್ಮ ಅಲ್ಲ' ಅಂದ್ಲು. ಅವನ ಮುಖ ಅವ್ಳು ಯಾವತ್ತೂ ಕಂಡಿಲ್ಲ, ಮಾತು ಮಾತ್ರ ಗೊತ್ತು. ಅವನ್ಯಾಕೆ ಬರ್ಲಿಲ್ಲ, ಅವನನ್ನೇ ಮೊದ್ಲು ನೋಡ್ಬೇಕಿತ್ತು ಅಂತ ಹಟ ಹಿಡಿದ್ಲು."

"ನೀನೇನಂದೆ?"

ಕರಿಯಣ್ಣ ಟೋಪಿ ತೆಗೆದು ತಲೆ ಒರೆಸಿಕೊಂಡ.

"ಉಣ್ಣೆ ವ್ಯಾಪಾರಕ್ಕೆ ದೂರ ಹೋಗ್ಯಾನೆ, ಬರ್ತಾನೆ ಅಂದೆ ಸಾ."